ಕೆಂಪನಿಗೆ ಹಂಡೆ ನೀರು

ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಕಾಲವದು. ನೀರು ಬರುವ ಬೆಳಗ್ಗೆ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಮಕ್ಕಳಿಗೂ ನಿದ್ದೆ ಇರುತ್ತಿರಲಿಲ್ಲ. ಕೊಡ, ಬಕೆಟ್, ಡ್ರಮ್ಮು, ಕೊನೆಗೆ ಹಾಲಿನ ಕ್ಯಾನೂ ತುಂಬಬೇಕು. ನೀರಿನ ಜೊತೆ ಬ್ಲೀಚಿಂಗ್ ಪೌಡರಿನ ವಾಸನೆ, ಅದರ ಹಿಂದೆಯೇ ಅಜ್ಜಿ ತಾಮ್ರದ ಹಂಡೆಗೆ ತಿಕ್ಕುತ್ತಿದ್ದ ಹುಣಸೆಹುಳಿಯ ವಾಸನೆ. ಬೇಸಿಗೆ ರಜೆ ಅಂದರೆ ನನಗೆ ಇವತ್ತಿಗೂ ಈ ಎರಡು ವಾಸನೆಯೇ, ಮಾವಿನಹಣ್ಣು ಆಮೇಲೆ.

ಆ ಹಂಡೆ ಅಜ್ಜಿಯ ತವರಿನದು. ಕುಡಿಯುವುದಕ್ಕೂ ಲಿಂಗಪೂಜೆಗೂ ಅದರ ನೀರೇ ಆಗಬೇಕು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳೆಂದರೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಉಳಿದ ಹುಣಸೆಬೀಜ ನನ್ನ ಪಾಲು. ಒಂದು ಬದಿ ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೆ ಮಧ್ಯಾಹ್ನದ ಚೌಕಾಬಾರಕ್ಕೆ ದಾಳ ಸಿದ್ಧ.

ಅಂಥ ಒಂದು ರಜೆಯಲ್ಲಿ ಅಪ್ಪ ಗಾಜಿನ ಮೀನಿನ ತೊಟ್ಟಿ ತಂದರು. ಚಿಕ್ಕಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಪಕ್ಕದ ಅಂಗಡಿಯವರು ರಿಪೇರಿ ಮಾಡಿಸುವಾಗ ಜಾಗವಿಲ್ಲವೆಂದು ಕೊಟ್ಟುಬಿಟ್ಟಿದ್ದರಂತೆ. ಒಳಗೆ ಒಂದು ಕೆಂಪು ಗೋಲ್ಡ್‌ಫಿಶ್, ಎರಡು ಸಣ್ಣ ಮೀನು, ಗಾಜಿಗೆ ಅಂಟಿಕೊಂಡ ಒಂದು ಬಸವನಹುಳು.

“ಪೂಜೆ ಮಾಡೋ ಮನೆಗೆ ಮೀನು ತಂದ್ಯಾ?” ಅಜ್ಜಿ ಬಾಗಿಲಲ್ಲೇ ತಡೆದಳು.

“ತಿನ್ನಕ್ಕಲ್ಲಮ್ಮ, ನೋಡಕ್ಕೆ.”

“ನೋಡಕ್ಕೆ ಮೊಮ್ಮಗಳು ಸಾಲ್ದಾ?”

ಕೊನೆಗೆ ತೊಟ್ಟಿ ನಡುಮನೆಯಲ್ಲಿ ಕೂತಿತು. ಅಡುಗೆಮನೆ ಕಡೆ ಮಾತ್ರ ಅದು ಬರಕೂಡದು ಎಂದು ಅಜ್ಜಿಯ ಅಪ್ಪಣೆಯಾಯಿತು. ಮೀನು ನಡ್ಕೊಂಡು ಬರುತ್ತಾ ಅಜ್ಜಿ ಎಂದು ಕೇಳಿ ಬೈಸಿಕೊಂಡೆ.

ಅಪ್ಪ ಅಂಗಡಿಗೆ, ಅಮ್ಮ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಅಜ್ಜಿ, ಮೀನುಗಳು. ಅಜ್ಜಿಯ ಹಟ ಒಂದು ವಾರವೂ ನಿಲ್ಲಲಿಲ್ಲ. ಅವಳು ನಡುಮನೆಗೆ ಬಂದರೆ ಕೆಂಪು ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚುವುದು. “ನನ್ನ ಕಂಡ್ರೆ ಮಾತಾಡ್ಸ್ತಾನೆ ಕಣೇ” ಎಂದು ಹಿಗ್ಗಿ ಅವನಿಗೆ ಕೆಂಪ ಎಂದು ಹೆಸರಿಟ್ಟಳು. ಆಮೇಲೆ ತೊಟ್ಟಿಯ ನೀರಿನ ಜವಾಬ್ದಾರಿಯೂ ಅವಳದೇ ಆಯಿತು.

ನಲ್ಲಿ ನೀರನ್ನು ನೇರ ಸುರಿಯಬೇಡಿ, ಒಂದು ದಿನ ಇಟ್ಟು ವಾಸನೆ ಹೋದ ಮೇಲೆ ಹಾಕಿ ಎಂದು ತೊಟ್ಟಿ ಕೊಟ್ಟವರು ಅಪ್ಪನಿಗೆ ಹೇಳಿದ್ದರು. ಅಜ್ಜಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. “ಬಾಯಿಲ್ಲದ ಜೀವ. ಅದಕ್ಯಾಕೆ ಬಕೆಟ್ ನೀರು? ಹಂಡೇಲಿ ಇಟ್ಟ ನೀರು ಹಾಕೋಣ” ಎಂದಳು. ಮನೆಯ ಅತ್ಯುತ್ತಮ ನೀರು ಕೆಂಪನಿಗೆ ಸಂದಾಯವಾಗತೊಡಗಿತು.

ಮೊದಲು ಬಸವನಹುಳು ಗಾಜಿನಿಂದ ಉದುರಿ ಕೆಳಗೆ ಬಿತ್ತು, ಮತ್ತೆ ಏಳಲಿಲ್ಲ. ಆಮೇಲೆ ಸಣ್ಣ ಮೀನುಗಳು ಒಂದರ ಹಿಂದೊಂದು ಹೋದವು. ಅಜ್ಜಿ ಅವನ್ನು ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ವಿಭೂತಿ ಉದುರಿಸಿದಳು. ನೀರು ಕೆಟ್ಟಿರಬೇಕೆಂದು ಹಂಡೆಯನ್ನು ಇನ್ನಷ್ಟು ತಿಕ್ಕಿ, ಹೊಸ ನೀರನ್ನು ಒಂದು ದಿನ ಅದರಲ್ಲಿಟ್ಟು, ತೊಟ್ಟಿಯದನ್ನೆಲ್ಲ ಚೆಲ್ಲಿ ಮತ್ತೆ ಹಂಡೆ ನೀರನ್ನೇ ತುಂಬಿದಳು. ಮಾರನೆಯ ದಿನ ಕೆಂಪ ಒಂದು ಮಗ್ಗುಲಿಗೆ ವಾಲಿಕೊಂಡು, ಮೇಲೆ ಬಂದು ಏದುಸಿರು ಬಿಡುತ್ತಿದ್ದ. ಅಜ್ಜಿ ಬಂದು ನಿಂತರೂ ತಿರುಗಲಿಲ್ಲ.

“ಹೋದ್ರೆ ಹೋಯ್ತು ಬಿಡಮ್ಮ. ಇನ್ನೊಂದು ತರ್ತೀನಿ” ಎಂದರು ಅಪ್ಪ, ಚಪ್ಪಲಿ ಮೆಟ್ಟಿಕೊಳ್ಳುತ್ತ.

“ಇನ್ನೊಂದು ತಂದ್ರೆ ಇವನು ಬರ್ತಾನಾ? ನನ್ನ ಕೈಯಾರೆ ಮೂರು ಜೀವ ಹೋಯ್ತು. ಇವನೂ ಹೋದ್ರೆ ಯಾವ ಕೈಯಲ್ಲಿ ಪೂಜೆ ಮಾಡ್ಲಿ?”

ಆ ಬೆಳಗ್ಗೆ ಅವಳು ತಿಂಡಿ ಮುಟ್ಟಲಿಲ್ಲ. ನನಗೆ ಕೆಂಪನಿಗಿಂತ ಅವಳದೇ ಚಿಂತೆ. ಸಮಾಧಾನವಾಗಲಿ ಎಂದು ಚೌಕಾಬಾರದ ಮನೆ ಬರೆದು ಕೂರಿಸಿದೆ, ಆಡಿದ್ದು ನಾನೊಬ್ಬಳೇ. ಹೊಟ್ಟೆಗೆ ಒಂದಿಷ್ಟು ಮಜ್ಜಿಗೆಯಾದರೂ ಹೋಗಲಿ ಎಂದು ಒಳಗೆ ಹೋಗಿ, ಕೈಗೆ ಸಿಕ್ಕ ತಾಮ್ರದ ಚೊಂಬಿಗೆ ಸುರಿದು ತಂದೆ.

“ತಾಮ್ರಕ್ಕೆ ಮಜ್ಜಿಗೆ ಹಾಕ್ತಾರೇನೇ, ಪೆದ್ದಿ? ಹುಳಿ ತಾಕಿದ್ರೆ ಕಿಲುಬು ಬಿಡುತ್ತೆ, ಕುಡಿದ್ರೆ ವಾಂತಿ ಆಗುತ್ತೆ...” ಎಂದವಳು ಅಲ್ಲೇ ನಿಲ್ಲಿಸಿದಳು. ಅವಳ ಕಣ್ಣು ಮೂಲೆಯ ಹಂಡೆಯ ಮೇಲೆ ಹೋಯಿತು. ಮೊನ್ನೆ ತಾನೇ ಹುಳಿ ಹಚ್ಚಿ ತಿಕ್ಕಿದ ಹಂಡೆ.

“ನಾವೇನೋ ಒಂದು ಲೋಟ ಕುಡೀತೀವಿ,” ಎಂದಳು ನಿಧಾನವಾಗಿ. “ಅವನು ಹಗಲೂ ರಾತ್ರಿ ಅದರಲ್ಲೇ ಇರ್ತಾನಲ್ಲೇ.”

ಆಮೇಲೆ ಅಜ್ಜಿಗೆ ವಯಸ್ಸು ನೆನಪಿರಲಿಲ್ಲ. ಅಡುಗೆಮನೆಗೆ ಓಡಿ ಅನ್ನ ಬಡಿಸುವ ಸ್ಟೀಲ್ ಡಬರಿ ತಂದಳು. ಹಿತ್ತಲಲ್ಲಿ ಗಿಡಗಳಿಗೆಂದು ಎರಡು ದಿನದ ಹಿಂದೆ ಹಿಡಿದಿಟ್ಟ ಪ್ಲಾಸ್ಟಿಕ್ ಬಕೆಟ್ಟಿನ ನೀರಿತ್ತು. ಸೆರಗು ಸಿಕ್ಕಿಸಿಕೊಂಡು, ತೊಟ್ಟಿಗೆ ಕೈ ಹಾಕಿ, ಅಂಗೈಯಲ್ಲಿ ಕೆಂಪನನ್ನು ಹಿಡಿದು ಡಬರಿಗೆ, ಡಬರಿಯಿಂದ ಬಕೆಟ್ಟಿಗೆ ಬಿಟ್ಟಳು. ಹಿತ್ತಲಲ್ಲಿ ಬಿಸಿಲೆಂದು ಬಕೆಟ್ಟನ್ನು ನಾವಿಬ್ಬರೂ ಎತ್ತಿ ಇಟ್ಟದ್ದು ಅಡುಗೆಮನೆಯ ತಣ್ಣನೆ ನೆಲದ ಮೇಲೆ. ಅಂತೂ ಮೀನು ಅಡುಗೆಮನೆಗೆ ಬಂತು ಎಂದು ಹೇಳುವ ಆಸೆ ನಾಲಿಗೆ ತುದಿಯವರೆಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಇಬ್ಬರೂ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತೆವು. ಅಜ್ಜಿಯ ತುಟಿ ಪಂಚಾಕ್ಷರಿ ಹೇಳುತ್ತಿತ್ತು. ನೆರಳು ಹಿತ್ತಲು ದಾಟಿತು, ಬೀದಿಯಲ್ಲಿ ಸೊಪ್ಪಿನವಳ ಕೂಗು ಬಂದು ಹೋಯಿತು. ಕೆಂಪ ಮೊದಲು ತಳಕ್ಕಿಳಿದ. ಮುಗಿಯಿತು ಎಂದುಕೊಂಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಲ ಅಲ್ಲಾಡಿತು, ವಾಲಿದ್ದ ಮೈ ನೆಟ್ಟಗಾಯಿತು. ಅಜ್ಜಿ ಬಗ್ಗಿ ನೋಡಿದಳು. ಅವನು ಮೇಲೆ ಬಂದು ಬಾಯಿ ತೆರೆದು ಮುಚ್ಚಿದ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆರಾಮಾಗಿದಾನೆ. ನಡಿ, ಊಟ ಮಾಡು” ಎಂದಳು. ನನಗೆ ಬಡಿಸಿ ತಾನೂ ತಟ್ಟೆ ಹಾಕಿಕೊಂಡಳು. ಅನ್ನ, ಸೊಪ್ಪಿನ ಹುಳಿ, ಬಾಳಕದ ಮೆಣಸಿನಕಾಯಿ. ಎದೆಯ ಮೇಲಿದ್ದ ಕಲ್ಲು ಇಳಿದ ಮೇಲೆ ಉಣ್ಣುವ ಊಟದ ರುಚಿ ನನಗೆ ತಿಳಿದದ್ದು ಅವತ್ತು.

ಅಂದಿನಿಂದ ಕೆಂಪನಿಗೆ ಬೇರೆ ಪ್ಲಾಸ್ಟಿಕ್ ಬಕೆಟ್ ಬಂತು. ನೀರನ್ನು ಪೂರ್ತಿ ಚೆಲ್ಲುವುದನ್ನೂ ಅಜ್ಜಿ ಬಿಟ್ಟಳು. “ಹಳೇ ನೀರು ಇರ್ಲಿ, ಹೆಪ್ಪಿನ ಹಾಗೆ. ಅದು ಹೊಸದನ್ನ ಪಳಗಿಸಿಕೊಳ್ಳುತ್ತೆ” ಎನ್ನುತ್ತಿದ್ದಳು. ಕೆಂಪ ನಾನು ಹೈಸ್ಕೂಲು ಮುಗಿಸುವವರೆಗೂ ಬದುಕಿದ್ದ.

ಈಗ ತ್ಯಾಗರಾಜನಗರದ ನನ್ನ ಫ್ಲಾಟಿನಲ್ಲೂ ಒಂದು ತೊಟ್ಟಿ ಇದೆ. ನೀರಿಗೆ ನಾಲ್ಕು ಹನಿ ಔಷಧ ಹಾಕಿದರೆ ಕ್ಲೋರಿನ್ ಅಡಗುತ್ತದೆ, ತಾಮ್ರವೂ ಅಡಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿದೆ. ಚಾಮರಾಜಪೇಟೆಯ ಮನೆಯಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ, ದಾಸವಾಳವೂ ಹೋಯಿತು. ಹಂಡೆ ಮಾತ್ರ ನನ್ನ ಬಾಲ್ಕನಿಯಲ್ಲಿದೆ, ಕಪ್ಪಾಗಿ. ತಿಕ್ಕಲು ನನಗೆ ಪುರುಸೊತ್ತಿಲ್ಲ.

ನೀರು ಬದಲಿಸಿದ ದಿನ ಅದನ್ನು ಪರೀಕ್ಷಿಸುವ ಕಾಗದದ ಪಟ್ಟಿಯನ್ನು ತೊಟ್ಟಿಗೆ ಅದ್ದಿ, ಬಣ್ಣಕ್ಕೆ ಕಾಯುತ್ತೇನೆ. ಎಲ್ಲ ಸರಿಯಿದೆ ಎಂದು ಬಣ್ಣ ಹೇಳುತ್ತದೆ. ಆದರೂ ಪಟ್ಟಿ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತೇ ಇರುತ್ತೇನೆ. ನಡಿ, ಊಟ ಮಾಡು ಎಂದು ಅದು ಹೇಳುವುದಿಲ್ಲ.