ಗುಡಿ ತನಕ ಹೋಗಿ ಬರುತ್ತಿದ್ದ ಕಾರು

ಹಿಂದೆ ಭಾವನ ಕಾರಿನಲ್ಲಿ ಕುಳಿತು ಸೇಡಂನ ಒಂದು ಮದುವೆಗೆ ಹೋದದ್ದು ನನಗೆ ನೆನಪಿದೆ. ಸೇಡಂ ಆಚೆಯ ಮುಧೋಳಕ್ಕೂ ಹೋಗಿದ್ದೆ. ಚರ್ಮದ ಸೀಟು ತೊಡೆಗೆ ಅಂಟುತ್ತಿತ್ತು, ಗುಂಡಿ ಒತ್ತಿದರೆ ಗಾಜು ಸದ್ದಿಲ್ಲದೆ ಇಳಿಯುತ್ತಿತ್ತು. ಹೋದ ಚಳಿಗಾಲದಲ್ಲಿ ಅದು ಎಷ್ಟು ಓಡಿದೆ ಎಂದು ಮೀಟರು ನೋಡಿದೆ. ಆ ಕಾರು ಅಷ್ಟು ದೂರ ಹೋಗಿರಲು ಸಾಧ್ಯವೇ ಇಲ್ಲ. ಮದುವೆಗಳಿಗೆಲ್ಲ ಬಾಡಿಗೆ ಜೀಪಿನಲ್ಲಿ ಹೋಗಿದ್ದೆವು ಎನ್ನುತ್ತಾಳೆ ಅಕ್ಕ. ಹಾಗಾದರೆ ತೊಡೆಗೆ ಅಂಟಿದ್ದು ಯಾವ ಸೀಟು? ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಕುಳಿತೇ ಮುಧೋಳಕ್ಕೆ ಹೋಗಿ ಬಂದಿರಬೇಕು ನಾನು.

ಅಕ್ಕನ ಮನೆ ಶಹಾಬಾದಿನಲ್ಲಿ. ಅವಳು ಶಾಲೆಯಿಂದ ನಿವೃತ್ತಳು, ಭಾವ ವಕೀಲರಾಗಿದ್ದವರು. ಕಾರು ಜರ್ಮನಿಯದು, ಹಳೆಯದು, ಊರಿನಲ್ಲಿ ಅಂಥದು ಅದೊಂದೇ ಇದ್ದ ಕಾಲದ್ದು. ಫರಸಿ ಕಲ್ಲಿನ ಶೆಡ್ಡು, ಹತ್ತಿಬಟ್ಟೆಯ ಹೊದಿಕೆ, ಅದರ ಮೇಲೊಂದು ತಾಡಪತ್ರಿ. ವಾಡಿಯ ಸಿಮೆಂಟ್ ಕಾರ್ಖಾನೆ ಕಡೆಯ ಗಾಳಿಯಲ್ಲಿ ಬರುವ ಧೂಳು ಅದಕ್ಕೆ ತಾಕಬಾರದು. ಅಮಾವಾಸ್ಯೆಗೊಮ್ಮೆ ಭಾವ ಹೊದಿಕೆ ಸರಿಸುತ್ತಿದ್ದರು. ತೊಳೆದು, ವಿಭೂತಿ ಎಳೆದು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ, ಬಸವಣ್ಣನ ಗುಡಿ ತನಕ ಹೋಗಿ ಬಂದು ಮತ್ತೆ ಹೊದಿಸುತ್ತಿದ್ದರು. ನಮ್ಮ ಕಡೆ ಲಾರಿಗೂ ಟ್ರ್ಯಾಕ್ಟರಿಗೂ ಅಮಾವಾಸ್ಯೆ ಪೂಜೆ ಇದ್ದದ್ದೇ. ಆದರೆ ಅವು ಮರುದಿನ ಕೆಲಸಕ್ಕೆ ಹೋಗುತ್ತವೆ.

ಹೊದಿಸುವ ಮುಂಚೆ ಭಾವ ಬಾನೆಟ್ಟು ಎತ್ತಿ, ಕಲಶದ ನೀರನ್ನು ರೇಡಿಯೇಟರಿನ ಡಬ್ಬಿಗೆ ಹಾಕುತ್ತಿದ್ದರು. ಪೂಜೆಯಾದ ಎತ್ತಿಗೆ ನೀರು ಕುಡಿಸುವುದಿಲ್ಲವೆ, ಹಾಗೆ.

ಈಗ ಭಾವನ ಕಣ್ಣಿನ ನರ ಸೋಲುತ್ತಿದೆ. ಮುಖಗಳು ಮಂಜು. ಅಕ್ಕ ಈ ವಯಸ್ಸಿನಲ್ಲಿ ಕಾರು ಕಲಿತಳು. ಎಳ್ಳಮಾವಾಸ್ಯೆಯ ದಿನ ಚಿಮ್ಮನಚೋಡದ ತವರಿನ ಹೊಲದ ಪೂಜೆಗೆ ಈ ಕಾರನ್ನು ತಾನೇ ಹೊಡೆದುಕೊಂಡು ಹೋಗಬೇಕು, ಪಕ್ಕದಲ್ಲಿ ಭಾವ ಕುಳಿತಿರಬೇಕು, ಅವರಿಗೆ ಒಂದಿಷ್ಟಾದರೂ ಕಾಣುತ್ತಿರುವಾಗಲೇ. ಹೋದ ಚಳಿಗಾಲದಲ್ಲಿ ಅವಳಿಗೆ ಅದೊಂದೇ ಹಟ. ಫೋನು ಮಾಡಿ ನನ್ನನ್ನು ಕರೆಸಿಕೊಂಡದ್ದೂ ಅದಕ್ಕೇ: ಭಾವ ಅಡ್ಡ ಬಂದರೆ ತನ್ನ ಕಡೆ ತಂಗಿಯಾದರೂ ಇರಲಿ ಎಂದು.

ವಾಡಿಯಿಂದ ಮೆಕ್ಯಾನಿಕ್ ಬಂದ. ಭಾವ ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು.

"ಆಯಿಲ್ ಯಾವಾಗ ಬದಲಿ ಮಾಡೀರಿ ಸಾಹೇಬ್ರೆ?"

"ಗಾಡಿ ಗುಡಿ ತನಕ ಬಿಟ್ರ ಓಡೇ ಇಲ್ಲಲ್ಲಪ. ಓಡಲಾರದ ಗಾಡಿಗಿ ಆಯಿಲ್ ಯಾಕ ಬದಲಿ ಮಾಡಬೇಕು?"

"ಉಣಲಾರದೆ ಇಟ್ಟ ಸಾರೂ ಹಳಸ್ತದಲ್ರಿ."

"ಅವರಿಗೇನ್ ಕೇಳ್ತಿ," ಎಂದಳು ಅಕ್ಕ. "ಅಡಗಿಮನಿ ಕಡಿ ಒಮ್ಮೆರೆ ಬಂದಿದ್ರ ಗೊತ್ತಿರ್ತಿತ್ತು."

ಅವನು ಇಂಜಿನ್ನಿನ ಎಣ್ಣೆ ಮುಚ್ಚಳ ತಿರುವಿದ. ಅದರ ಒಳಮೈಯಲ್ಲಿ ಹಳದಿ ಕೆನೆಯಂಥದು ಕಟ್ಟಿತ್ತು. ಕೆಳಗೆ ಬೋಲ್ಟು ಬಿಚ್ಚಿದಾಗ ಎಣ್ಣೆ ಧಾರೆಯಾಗಿ ಇಳಿಯಲಿಲ್ಲ, ತಡೆತಡೆದು ಬಿತ್ತು. ನಾನು ಬೋಗುಣಿ ಹಿಡಿದಿದ್ದೆ. ಒದ್ದೆ ಗೋಡೆಯಂಥ ವಾಸನೆ.

"ನೀರು ಸೇರ್‍ಯಾದ್ರಿ," ಎಂದ. "ಗುಡಿ ತನಕ ಹೋದ್ರ ಇಂಜಿನ್ ಕಾಯೂದೇ ಇಲ್ಲ. ಕಾಯಲಿಲ್ಲಂದ್ರ ಒಳಗಿನ ಪಸಿ ಆರೂದಿಲ್ಲ."

"ಅಂದ್ರ ಪೂಜಾ ಮಾಡಿ ಕೆಡಿಸೀನಿ ಅಂತೀ?"

"ಪೂಜಾಕ್ಕ ನಾ ಏನಂದೆ? ಪೂಜಾ ಪಕ್ಕಾ ಅದ. ಗುಡಿ ಭಾಳ ಸನೇಕ ಅದ, ಅಷ್ಟೇ."

ಅಕ್ಕ ನಕ್ಕಳು. ಭಾವ ನಗಲಿಲ್ಲ.

ಇಂಜಿನ್ ತಂಪಿಡುವ ಕೂಲೆಂಟ್ ಎಂದು ರೇಡಿಯೇಟರಿನಿಂದ ಇಳಿದದ್ದು ಬಣ್ಣವಿಲ್ಲದ, ಸುಣ್ಣ ಕಲಸಿದಂಥ ನೀರು. ಡಬ್ಬಿಯ ಒಳಗೆ ಬಿಳಿ ಹಕ್ಕಳೆ. ಮೆಕ್ಯಾನಿಕ್‌ಗೆ ಅದು ಎಲ್ಲಿಂದ ಬಂತೋ ತಿಳಿಯಲಿಲ್ಲ, ಬೇರೆ ಏನೋ ಕೆಟ್ಟಿದೆ ಎಂದು ಹುಡುಕತೊಡಗಿದ. ಅಕ್ಕನಿಗೆ ತಿಳಿಯಿತು. ಒಳಗೆ ಹೋಗಿ ಚಹಾದ ಪಾತ್ರೆ ತಂದಳು. ನಮ್ಮ ನೆಲದಡಿ ಇರುವುದೆಲ್ಲ ಸುಣ್ಣದ ಕಲ್ಲು, ಬೋರಿನ ನೀರು ಕುದಿಸಿದ ಯಾವ ಪಾತ್ರೆಯ ತಳವೂ ಹೀಗೇ. ಭಾವನ ಕೈ ಹಿಡಿದು ಬೆರಳನ್ನು ಪಾತ್ರೆಯ ತಳಕ್ಕೆ ತಾಕಿಸಿದಳು, ಆಮೇಲೆ ಡಬ್ಬಿಯ ಬಾಯಿಗೆ. ಭಾವ ಎರಡನ್ನೂ ಮುಟ್ಟಿದರು. ಮತ್ತೊಮ್ಮೆ ಮುಟ್ಟಿದರು.

"ಕಲಶದ ನೀರು," ಎಂದರು.

ತಡಕಾಡಿ ಕಾರಿನಲ್ಲಿದ್ದ ಕೀಲಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. "ಸಾಕು. ಮುಚ್ಚು."

"ಆಯಿಲ್ ಖಾಲಿ ಮಾಡೀನ್ರಿ ಸಾಹೇಬ್ರೆ. ಹಿಂಗೇ ಮುಚ್ಚಿದ್ರ ಇದು ಕಾರಲ್ಲ, ಕಪಾಟು."

"ಕಪಾಟೇ ಇರ್‍ಲಿ."

ಅಕ್ಕ ಪಾತ್ರೆ ಕೆಳಗಿಟ್ಟಳು. "ನಿಮ್ಮ ಸಿಟ್ಟು ನೀರಿನ ಮ್ಯಾಲ ಅಲ್ರಿ. ನಾ ಹೊಡೀಬೇಕು, ನೀವು ಎಡಕ ಕೂಡಬೇಕಲ್ಲ, ಅದಕ್ಕ."

ಭಾವ ಜೇಬಿನ ಮೇಲೆ ಕೈ ಇಟ್ಟುಕೊಂಡರು. ನನ್ನ ಕೈಯ ಬೋಗುಣಿ ಭಾರವಾಗುತ್ತಿತ್ತು, ಇಳಿಸಲೂ ಧೈರ್ಯವಿರಲಿಲ್ಲ.

"ಹೌದು. ಅದಕ್ಕೇ. ರೋಡ್ ಕಾಣಲಾರದೆ ಎಡಕ ಹೆಂಗ ಕೂಡ್ಲಿ ನಾ?"

"ನಾ ಹೇಳ್ತಾ ಹೋಗ್ತೀನಿ. ಇಷ್ಟು ವರ್ಷ ನೀವು ಹೇಳೀರಿ, ನಾ ಕೇಳೀನಿ. ಒಂದಿನ ನೀವು ಕೇಳ್ರಿ."

ಭಾವ ಮೆಕ್ಯಾನಿಕ್ ನಿಂತ ಕಡೆ ತಿರುಗಿ, "ಬ್ರೇಕ್ ಆಯಿಲ್‌ನೂ ತಗಿಯೋ," ಎಂದರು. "ಹೊಡಿಯಾಕಿ ಈಕಿ. ಮೊದಲ ಬ್ರೇಕ್ ನೋಡು."

ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ನಿನಂತೆ ಬಂತು. ಗೇರಿನದೂ ಬದಲಾಯಿತು. ರೇಡಿಯೇಟರನ್ನು ಮತ್ತೆ ಮತ್ತೆ ತೊಳೆದು, ಹಸಿರು ಕೂಲೆಂಟ್ ತುಂಬಿದ. ಕೀಲಿಯನ್ನು ಭಾವ ಆಗಲೇ ತನ್ನ ಕೈಗೆ ಕೊಟ್ಟರು ಎನ್ನುತ್ತಾಳೆ ಅಕ್ಕ. ಎಳ್ಳಮಾವಾಸ್ಯೆಯ ಬೆಳಿಗ್ಗೆಯೂ ಅದು ಅವರ ಜೇಬಿನಲ್ಲೇ ಇತ್ತು ಎಂದು ನನ್ನ ನೆನಪು. ನಮ್ಮಿಬ್ಬರಲ್ಲಿ ಯಾರಿಗೂ ಆಣೆ ಮಾಡುವ ಧೈರ್ಯವಿಲ್ಲ.

ಹೊರಟೆವು. ನಾನು ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿಯ ಬುಟ್ಟಿ. ವಾಡಿ, ಚಿತ್ತಾಪುರ. ಅಕ್ಕ ಹೇಳುತ್ತಲೇ ಇದ್ದಳು: "ಎದುರಿಗಿ ಲಾರಿ. ದೂರ ಅದ. ಬಂತು. ಹೋತು. ಎಮ್ಮಿ ನಿಂತದ, ಸರೀಲಿಕತ್ತದ." ಭಾವ ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದರು. ಸೇಡಂ ಸಮೀಪಿಸುವಾಗ ಕೇಳಿದರು: "ಮುಳ್ಳು ಎಲ್ಲಿ ಅದ?" ಬಿಸಿ ತೋರಿಸುವ ಮುಳ್ಳು. "ನಡುವ ಅದ್ರಿ." "ನಡುವ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಚಿಂಚೋಳಿ ದಾಟಿ ಹೊಲ ಮುಟ್ಟಿದೆವು. ಪೂಜೆಯಾಯಿತು, ಜೋಳದ ಸಾಲುಗಳಲ್ಲಿ ಕೂಗುತ್ತ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದೆವು. ಆಮೇಲೆ ನೋಡಿದರೆ ಭಾವ ನೀರಿನ ತಂಬಿಗೆ ಹಿಡಿದು ಕಾರಿನ ಮುಂದೆ ನಿಂತಿದ್ದಾರೆ. ಮತ್ತೆ ಡಬ್ಬಿಗೆ ಹಾಕಿಯಾರೆಂದು ನಾನು ಓಡಲು ಎದ್ದೆ. ಅಕ್ಕ ನನ್ನ ಸೆರಗು ಜಗ್ಗಿ ಕೂಡಿಸಿದಳು.

ಭಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತಟ್ಟನೆ ತೆಗೆದರು. ಮತ್ತೆ ಇಟ್ಟರು.

"ಸುಡ್ತದಲೇ ಇದು!"

"ಸುಡಬೇಕು," ಎಂದಳು ಅಕ್ಕ ಕುಳಿತಲ್ಲಿಂದಲೇ.

ತಂಬಿಗೆಯ ನೀರನ್ನು ಅವರೇ ಎತ್ತಿ ಕುಡಿದರು. ಉಂಡು ಎಲ್ಲರೂ ನೆರಳಿಗೆ ಒರಗಿದರೂ ಅವರು ಕೂರಲಿಲ್ಲ. ಕಾರಿನ ಸುತ್ತ ಕೈಯಾಡಿಸುತ್ತ ಹೋಗಿ ಎಡಗಡೆಯ ಬಾಗಿಲ ಹಿಡಿಕೆ ಹುಡುಕಿಕೊಂಡರು.

"ಏಳ್ರಿ, ಹೊತ್ತಾಗ್ತದ. ಹೊಳ್ಳಿ ಹೋಗುವಾಗ ಮುಧೋಳದ ಮ್ಯಾಲ ಹಾಯ್ದು ಹೋಗೂಣು."

"ಸುತ್ತು ಆಗ್ತದ್ರೀ."

"ಆಗಲಿ ಏಳು."

ಮುಧೋಳಕ್ಕೆ ನಾನು ಈ ಕಾರಿನಲ್ಲಿ ಹೋಗಿದ್ದೇನಲ್ಲ ಎಂಬ ಮಾತು ನಾಲಗೆ ತುದಿಗೆ ಬಂತು. ಬುಟ್ಟಿ ಎತ್ತಿಕೊಂಡು ಹಿಂದೆ ಕುಳಿತೆ.