ಮಘೆ ಮಳೆಯ ಬಿಂದಿಗೆ

ಕಣ್ಣಿನ ವಿಷಯದಲ್ಲಿ ನಮ್ಮಜ್ಜಿ ಯಾವ ಡಾಕ್ಟರನ್ನೂ ನಂಬಿದವಳಲ್ಲ. ಮಘೆ ಮಳೆ ಬಂತೆಂದರೆ ವಡ್ಡು ಎಂಬ ನಮ್ಮೂರಿನ ಮನೆಯ ಅಂಗಳದಲ್ಲಿ ತಾಮ್ರದ ಬಿಂದಿಗೆ ಇಟ್ಟು, ಸೂರಿಗೆ ತಾಗದೆ ನೇರ ಮುಗಿಲಿನಿಂದ ಬಿದ್ದ ನೀರನ್ನೇ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ ವರ್ಷವಿಡೀ ಇಟ್ಟುಕೊಳ್ಳುತ್ತಿದ್ದಳು. ಕಣ್ಣು ಉರಿದರೆ ಎರಡು ಹನಿ. ನಮ್ಮ ಕಡೆ ಇದು ಎಲ್ಲರ ಮನೆಯ ಔಷಧಿ.

ಗಣಿಯ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಎಡೆಬಿಡದೆ ಓಡತೊಡಗಿದ ಮೇಲೆ ಬಿಂದಿಗೆಗೆ ಬಿದ್ದದ್ದು ಕೆಂಪು ನೀರು. ಮೊದಲ ವರ್ಷ ಅಜ್ಜಿ ಅದನ್ನು ಚೆಲ್ಲಿ, ಮುಗಿಲಿಗೇ ಬೈದಳು. ಮರುವರ್ಷ ಸೀರೆ ಮಡಿಸಿ ಸೋಸಿದಳು. ಆಮೇಲೆ ಸೋಸುವುದನ್ನೂ ಬಿಟ್ಟಳು. ಆ ನೀರು ಕಣ್ಣಿಗೆ ಬಿದ್ದಾಗ "ಅಯ್ಯಯ್ಯೋ, ಮೆಣಸಿನಕಾಯಿ!" ಎಂದು ಕುಣಿಯುತ್ತಿದ್ದಳು. ಹೊಸಪೇಟೆಯ ಆಸ್ಪತ್ರೆಗೆ ಹೋಗೋಣ, ಇಲ್ಲವಾದರೆ ಕಣ್ಣು ಹೋಗುತ್ತದೆ ಎಂದು ನಾನು ಜಗಳ ತೆಗೆದರೆ, "ಸುಮ್ನಿರ ಲೇ, ಉರಿದ್ರನ ಅದಕ್ಕ ಕಸುವು ಐತಿ ಅಂತ ತಿಳಕೋ" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವೇನು ಕಡಿಮೆ? ಧೂಳಿಗೆ ಒಗ್ಗಿ ಬಿಳಿ ಬಟ್ಟೆ ಕೊಳ್ಳುವುದನ್ನೇ ಬಿಟ್ಟಿದ್ದೆವು. ಬೇವಿನ ಎಲೆ ಕೆಂಪಗಿದೆ ಎಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಒಂದು ವರ್ಷ ಮಘೆಯ ಹೊತ್ತಿಗೇ ಲಾರಿಯವರು ಮುಷ್ಕರ ಹೂಡಿದರು. ರಸ್ತೆಯ ಸದ್ದು ನಿಂತದ್ದಕ್ಕೆ ಹೆದರಿ ನಮ್ಮ ನಾಯಿ ಮಂಚದ ಕೆಳಗೆ ಸೇರಿಕೊಂಡಿತು. ಜಡಿ ಮಳೆ ಗಿಡಮರಗಳನ್ನು ತೊಳೆಯಿತು. ಬೆಳಿಗ್ಗೆ ಬಾಗಿಲು ತೆಗೆದವಳು ಅಷ್ಟು ಹಸಿರಾದ ಬೇವನ್ನು ಕಂಡು, ಬೇರೆ ಯಾರದೋ ಮನೆಯಲ್ಲಿ ಎದ್ದೆನೇನೋ ಎಂದು ಬೆಚ್ಚಿದೆ. ಬಿಂದಿಗೆಯಲ್ಲಿ ತಳ ಕಾಣುವಷ್ಟು ತಿಳಿನೀರು. ಖುಷಿಗೆ ಅಳುವೇ ಬಂತು. ಎತ್ತಿ ತಂದು ಅಜ್ಜಿಯ ಮುಂದಿಟ್ಟೆ.

ಅವಳು ಬೆರಳದ್ದಿ ತಿಕ್ಕಿ ನೋಡಿದಳು. "ಇದೇನ್ ಸಪ್ಪನ್ ನೀರು ತಂದೀ? ನಳದ್ದೇನು?"

"ಮಘಿ ಮಳೀದ ಅಜ್ಜಿ, ಮೊದ್ಲಿನಂಗ ಐತಿ!"

ಅವಳು ನಂಬಲಿಲ್ಲ. ಕಿಟಕಿಯ ಒಳಗಟ್ಟೆಯನ್ನು ತಡವಿ, ಒಂದು ಚಿಟಿಕೆ ಕೆಂಪು ಧೂಳು ತೆಗೆದು ಬಟ್ಟಲಿಗೆ ಬಗ್ಗಿಸಿಕೊಂಡ ಆ ನೀರಿನಲ್ಲಿ ಕದಡಿದಳು. "ಬ್ಯಾಡಬೇ!" ಎಂದು ನಾನು ಚೀರುವಷ್ಟರಲ್ಲಿ ತಲೆಯೆತ್ತಿ ಕಣ್ಣಿಗೆ ಬಿಟ್ಟುಕೊಂಡಿದ್ದಳು.

ಈ ಸಲ ಕುಣಿಯಲಿಲ್ಲ. ರೆಪ್ಪೆಯೂ ಅಲುಗಲಿಲ್ಲ. ಕೆಂಪು ಹನಿ ತೆರೆದ ಕಣ್ಣಿನ ಮೇಲೆ ಒಂದು ಕ್ಷಣ ನಿಂತು ಕೆನ್ನೆಗಿಳಿಯಿತು.

"ಈಗ ಉರಿಯಂಗೇ ಇಲ್ಲ ನೋಡ. ಭಾಳ ಆರಾಮ ಆಗೈತಿ" ಎಂದು ನಕ್ಕಳು.

ನಾನು ಅವಳ ಮುಖದ ಮುಂದೆ ಕೈಯಾಡಿಸಿದೆ. ಅವಳು ನಾನಿಲ್ಲದ ಕಡೆಗೆ ನೋಡಿ ನಗುತ್ತಲೇ ಇದ್ದಳು.