ನಡುರಸ್ತೆಯ ಉತ್ರಾಣಿ

ಊರಿನ ಬೀದಿಗಳಿಗೆ ಗಿಡಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಸಿಂದಗಿಯ ಮುಖ್ಯ ರಸ್ತೆಯ ಡಿವೈಡರ್ ನನ್ನ ಕೈಗೆ ಬಂದಾಗ, ಎಲ್ಲ ಊರುಗಳಂತೆ ಇಲ್ಲೂ ಕ್ರೋಟನ್ ಹಚ್ಚುವುದಿಲ್ಲ ಎಂದು ಹಟ ಹಿಡಿದೆ. ಇಲ್ಲಿಯ ಬಿಸಿಲನ್ನು ಅಜ್ಜ ಮುತ್ತಜ್ಜರ ಕಾಲದಿಂದ ಉಂಡ ಗಿಡಗಳೇ ಬೇಕು: ಹಳದಿ ಹೂವಿನ ಹೊನ್ನಾವರಿಕೆ, ಅದರ ಬುಡಕ್ಕೆ ಉತ್ರಾಣಿ, ಅಂಚಿಗೆ ವಿಷ್ಣುಕ್ರಾಂತಿ. ಒಮ್ಮೆ ಬೇರು ಬಿಟ್ಟರೆ ವರ್ಷಗಟ್ಟಲೆ ಬಾಳುವಂಥವು.

ಮಳೆಗಾಲ ಮುಗಿಯುವಷ್ಟರಲ್ಲಿ ಊರಿಗೆಲ್ಲ ನಗೆಪಾಟಲಾದೆ. ಉತ್ರಾಣಿಯ ಮುಳ್ಳುಬೀಜ ರಸ್ತೆ ದಾಟಿದವರ ಧೋತರ, ಸೀರೆ, ಶಾಲೆ ಮಕ್ಕಳ ಕಾಲುಚೀಲಕ್ಕೆಲ್ಲ ಅಂಟಿತು. ಚಹಾದಂಗಡಿಯಲ್ಲಿ ನನ್ನನ್ನು ಕಂಡವರು ಬಟ್ಟೆಗಂಟಿದ ಬೀಜ ಬಿಡಿಸಿ ಬಿಡಿಸಿ ನನ್ನ ಮೇಜಿನ ಮೇಲಿಡುತ್ತಿದ್ದರು. ವಾರ್ಡಿನ ಸದಸ್ಯರಂತೂ ನೇರವಾಗಿಯೇ ಅಂದರು: “ಸರ, ಹೊಲದಾಗ ಇದನ್ನ ಕೀಳಾಕ ನಾವು ಕೂಲಿ ಕೊಡ್ತೇವಿ. ನೀವು ಹಚ್ಚಾಕ ತೊಗೊಂತೀರಲ್ರಿ.” ದೀಪಾವಳಿ ಪಾಡ್ಯದ ದಿನ ಬಂದು ನೋಡಿ, ಚೆಂದ ಕಾಣದಿದ್ದರೆ ನನ್ನ ಕೈಯಾರೆ ಕಿತ್ತು ಕ್ರೋಟನ್ ಹಚ್ಚುತ್ತೇನೆ ಎಂದು ಸಿಟ್ಟಿನಲ್ಲಿ ಮಾತು ಕೊಟ್ಟುಬಿಟ್ಟೆ.

ಹಬ್ಬದ ಹೊತ್ತಿಗೆ ಹೊನ್ನಾವರಿಕೆ ಮೈತುಂಬ ಹೂ ಬಿಟ್ಟಿತು. ಗೆದ್ದೆ ಅಂದುಕೊಂಡೆ. ಪಾಡ್ಯದ ಬೆಳಗ್ಗೆ ಹೋಗಿ ನೋಡಿದರೆ ಒಂದು ಹೂವಿಲ್ಲ, ಒಂದು ಉತ್ರಾಣಿ ಕಡ್ಡಿಯಿಲ್ಲ. ಬರೀ ಮೋಟು. ಉಡಿಯಲ್ಲಿ ಹೂವು, ಕಡ್ಡಿ ತುಂಬಿಕೊಂಡು ಹೊರಟಿದ್ದ ಅಜ್ಜಿಯೊಬ್ಬಳನ್ನು ತಡೆದು, ಯಾರನ್ನು ಕೇಳಿ ಹರಿದಿರಿ ಎಂದು ರೇಗಿದೆ. ಅವಳಿಗೆ ನನ್ನ ಮೇಲೆ ಕನಿಕರ ಬಂತು.

“ಇವತ್ತ ಸಗಣ್ಯಾಗ ಪಾಂಡವರನ್ನ ಮಾಡ್ತೇವಲ್ಲೋ ತಮ್ಮಾ. ಅವರ ತಲಿಗೆ ಉತ್ರಾಣಿ, ಹೊನ್ನಾವರಿ ಬೇಕ ಬೇಕು. ಹಬ್ಬಕ್ಕಂತ ಹಚ್ಚಿದ ಹುಡುಗಗ ಪುಣ್ಯಾ ಬರ್ಲಿ ಅಂತ ಓಣ್ಯಾಗೆಲ್ಲಾ ಅನ್ನಾಕತ್ತಾರ.”

ಗಿಡಗಳ ಬೇರು, ಎಲೆ, ಹೂವಿನ ಕಾಲ ಎಲ್ಲ ಲೆಕ್ಕ ಹಾಕಿದ್ದ ಜಾಣನಿಗೆ ಹಬ್ಬವೊಂದೇ ನೆನಪಾಗಿರಲಿಲ್ಲ. ನಾಚಿಕೆಯಾಯಿತು, ಒಳಗೊಳಗೆ ಹಿಗ್ಗೂ ಆಯಿತು.

ಹತ್ತಕ್ಕೆ ಸದಸ್ಯರು ಬಂದರು. ಮೋಟುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಮಾತು ಮಾತೇ, ಗುದ್ದಲಿ ತರಲೇ ಎಂದೆ. ಅವರ ಮುಖ ಹುಳ್ಳಗಾಯಿತು.

“ಗುದ್ದಲಿ ಬ್ಯಾಡ್ರಿ ಸರ. ಉತ್ರಾಣಿ ಹರಕೊಂಡು ಬಾ ಅಂತ ನಮ್ಮವ್ವ ಎಂಟಕ್ಕ ಕಳಿಸಿದ್ಲು, ನಾ ತಡಾ ಮಾಡ್ದೆ. ಬರಿಗೈಲೆ ಹೋದ್ರ ಮನ್ಯಾಗ ಬಿಡೂದಿಲ್ಲ. ಮತ್ತೆಲ್ಲಿ ಸಿಗ್ತಾವು, ನಿಮಗ ಗೊತ್ತಿರಬೇಕಲ್ರಿ?”

ಅವರ ಬೈಕಿನ ಹಿಂದೆ ಕೂತು ಪಕ್ಕದ ಹಳ್ಳಿ ಯಂಕಂಚಿಯ ದಾರಿ ಹಿಡಿದೆ. ಬಹಳ ಹೊತ್ತಿನ ಮೇಲೆ ಯಾರದೋ ಹೊಲದ ಬದುವಿನಲ್ಲಿ ಉತ್ರಾಣಿ ಕಂಡಿತು. ಸದಸ್ಯರೇ ಓಡಿಹೋದರು. ಬೇರು ಅಲುಗಬಾರದು, ಮುಂದಿನ ವರ್ಷಕ್ಕೂ ಬೇಕು ಎನ್ನುತ್ತ, ಒಂದು ಕೈಯಲ್ಲಿ ಬುಡ ಹಿಡಿದು ಮೇಲಿನ ಕಡ್ಡಿಯನ್ನಷ್ಟೇ ಮುರಿದುಕೊಂಡರು.